ಗಾಂಜಾ ಔಷಧಿಯ ನೋಂದಣಿ: ಹೆಸರು ಬರೆಸುವ ಮುನ್ನ, ಬರೆಸಿದ ನಂತರ

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಮಗನ ಮನೆಯಲ್ಲಿರುವ ನಿವೃತ್ತ ಶಿಕ್ಷಕರೊಬ್ಬರು ಕಳೆದ ವರ್ಷ ನನಗೊಂದು ದೀರ್ಘ ಪತ್ರ ಬರೆದಿದ್ದರು. ಧಾರವಾಡದ ಕಡೆಯ ಪ್ರೌಢಶಾಲೆಯೊಂದರಲ್ಲಿ ಮೂರು ದಶಕಗಳ ಕಾಲ ಗಣಿತ ಕಲಿಸಿದವರು. ಊರಿನಲ್ಲಿ ಎಲ್ಲರಿಗೂ ಅವರು ಮಾಸ್ತರರು. ಈ ಲೇಖನದಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅವರ ಅನುಮತಿ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಆ ಪತ್ರದ ವಿಷಯವನ್ನು ಇಲ್ಲಿ ಚರ್ಚಿಸುತ್ತಿದ್ದೇನೆ. ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿರುವ ಅನೇಕ ಸದ್ಭಕ್ತರ ಮನೆಗಳಲ್ಲಿ ಇಂದಲ್ಲ ನಾಳೆ ಈ ಪ್ರಶ್ನೆ ಏಳುವಂಥದ್ದು. ಎದ್ದಾಗ ಅದನ್ನು ಕೇಳಲು ಸಂಕೋಚ, ಹೇಳಲು ಇನ್ನೂ ಸಂಕೋಚ.

ಮಾಸ್ತರರಿಗೆ ಮಲ್ಟಿಪಲ್ ಮೈಲೋಮಾ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರ್. ಬಾರ್ಟಿಜೊಮಿಬ್ ಎಂಬ ಔಷಧಿಯಿಂದ ಕಾಯಿಲೆ ಹತೋಟಿಗೆ ಬಂದಿತು. ಆದರೆ ಆ ಔಷಧಿ ನರಗಳ ತುದಿಗಳಿಗೆ ಹಾನಿ ಮಾಡುವುದುಂಟು. ಇವರ ಅಂಗಾಲುಗಳಲ್ಲಿ ಹಗಲು ಜೋಮು, ರಾತ್ರಿ ಕೆಂಡದ ಮೇಲೆ ನಿಂತಂಥ ಉರಿ. ನಿದ್ರೆ ಇಲ್ಲ. ಹೊದಿಕೆ ತಾಗಿದರೂ ಸಹಿಸಲಾಗದು. ನೋವಿನ ಚಿಕಿತ್ಸಾಲಯದ ವೈದ್ಯರು ಒಂದು ದಿನ, "ವೈದ್ಯಕೀಯ ಗಾಂಜಾ ಪ್ರಯತ್ನಿಸಬಹುದು" ಎಂದರು. ಮಗ ಗಣಕಯಂತ್ರದ ಮುಂದೆ ಕುಳಿತು ಅರ್ಜಿ ತುಂಬಿದ. ವೈದ್ಯರು ಅರ್ಹತೆಯ ಪ್ರಮಾಣಪತ್ರ ಕೊಟ್ಟರು. ಕೆಲವು ದಿನಗಳಲ್ಲಿ ರಾಜ್ಯ ಸರ್ಕಾರದಿಂದ ಭಾವಚಿತ್ರವಿರುವ ಕಾರ್ಡು ಬಂದಿತು. ಸೊಸೆಯನ್ನು ಅಧಿಕೃತ ಆರೈಕೆದಾರಳೆಂದು ನೋಂದಾಯಿಸುವ ವಿಚಾರವೂ ನಡೆದಿತ್ತು. ಒಂದು ಸಣ್ಣ ಸೀಸೆಯಲ್ಲಿ ನಾಲಿಗೆಯ ಕೆಳಗೆ ಬಿಡುವ ಹನಿಮದ್ದನ್ನು ತಂದು ಹನ್ನೊಂದು ರಾತ್ರಿ ಸೇವಿಸಿದರು. ಹನ್ನೆರಡನೆಯ ದಿನ ಸೀಸೆಯನ್ನೂ ಕಾರ್ಡನ್ನೂ ಕಪಾಟಿನಲ್ಲಿಟ್ಟು ನನಗೆ ಪತ್ರ ಬರೆದರು.

"ಡಾಕ್ಟರೇ, ನನ್ನ ಹೆಸರು ಈಗ ಗಾಂಜಾ ಸೇವಿಸುವವರ ಸರ್ಕಾರಿ ಪಟ್ಟಿಯಲ್ಲಿದೆ. ಈ ಒಂದು ವಾಕ್ಯ ಬರೆಯಲು ನನಗೆ ಎರಡು ದಿನ ಹಿಡಿಯಿತು" ಎಂಬುದು ಆ ಪತ್ರದ ಮೊದಲ ಸಾಲು.

ಅವರ ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ತಾನು ಚಟಗಾರನಾಗಿಬಿಟ್ಟೆನೇ ಎಂಬ ಭಯ ಒಂದು ಕಡೆ. ಮುಂದಿನ ವರ್ಷ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದಿದ್ದಾರೆ, ಅದಕ್ಕೆ ಈ ಕಾರ್ಡು ಅಡ್ಡಿಯಾದೀತೇ ಎಂಬ ಕಳವಳ ಇನ್ನೊಂದು ಕಡೆ. ಊರಿಗೆ ಬರುವಾಗ ಸೀಸೆಯನ್ನು ಜೊತೆಗೆ ತರಬಹುದೇ ಎಂಬ ಪ್ರಶ್ನೆಯೂ ಇತ್ತು. ಪರಿಚಿತರೊಬ್ಬರು, "ಅದು ಶಿವನಿಗೆ ಪ್ರಿಯವಾದ ಸೊಪ್ಪು, ಚಿಂತೆ ಏಕೆ?" ಎಂದು ಸಮಾಧಾನ ಹೇಳಿದ್ದರಂತೆ. ಅದರಿಂದ ಮಾಸ್ತರರಿಗೆ ಸಮಾಧಾನಕ್ಕಿಂತ ಸಿಟ್ಟೇ ಬಂದಿತ್ತು. ನನಗೂ ಅಷ್ಟೆ. ನೋವಿನಲ್ಲಿರುವ ಮನುಷ್ಯ ಔಷಧಿಯ ಗುಣದೋಷ ಕೇಳುತ್ತಿರುವಾಗ ಪುರಾಣದ ಆಸರೆ ಕೊಡುವುದು ಉತ್ತರವಾಗುವುದಿಲ್ಲ.

ಮೊದಲು ಚಟದ ಮಾತು. ಗಾಂಜಾ ಗಿಡದಲ್ಲಿ ನೂರಕ್ಕೂ ಹೆಚ್ಚು ಬಗೆಯ ಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳಿವೆ. ಅವುಗಳಲ್ಲಿ ಮುಖ್ಯವಾದವು ಎರಡು. ಟಿಎಚ್‌ಸಿ ಎಂಬುದು ಮತ್ತು ತರುತ್ತದೆ. ನೋವು, ವಾಕರಿಕೆಗಳ ಮೇಲಿನ ಪರಿಣಾಮವೂ ಬಹುಮಟ್ಟಿಗೆ ಅದರದೇ. ಸಿಬಿಡಿ ಎಂಬುದು ಮತ್ತು ತರುವುದಿಲ್ಲ. ಮಕ್ಕಳಲ್ಲಿ ಕಾಣುವ ಕೆಲವು ವಿರಳವಾದ ಅಪಸ್ಮಾರಗಳಲ್ಲಿ ಅದರ ಉಪಯೋಗ ಸಿದ್ಧಪಟ್ಟಿದ್ದು, 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಶುದ್ಧ ಸಿಬಿಡಿಯ ದ್ರಾವಣವೊಂದಕ್ಕೆ ಅನುಮೋದನೆ ನೀಡಿತು. ಗಾಂಜಾ ಬಳಸುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಅವಲಂಬನೆಗೆ ಬೀಳುತ್ತಾರೆಂಬ ಅಂದಾಜು ಬಹುಕಾಲದಿಂದ ವೈದ್ಯಕೀಯ ಗ್ರಂಥಗಳಲ್ಲಿದೆ. ಹರೆಯದಲ್ಲಿ ಆರಂಭಿಸಿದವರಲ್ಲಿ ಈ ಪ್ರಮಾಣ ಹೆಚ್ಚು. ಎಪ್ಪತ್ತು ದಾಟಿದ ವ್ಯಕ್ತಿಯೊಬ್ಬರು ಹನ್ನೊಂದು ರಾತ್ರಿ ಕೆಲವು ಹನಿ ಸೇವಿಸಿ ತಾವಾಗಿಯೇ ನಿಲ್ಲಿಸಿದರೆ ಅದನ್ನು ಚಟವೆಂದು ಯಾವ ವೈದ್ಯನೂ ಕರೆಯಲಾರ. ಔಷಧಿಯ ಮೇಲೆ ಹಿಡಿತ ತಪ್ಪುವುದು, ಹಾನಿ ಕಂಡರೂ ಬಿಡಲಾಗದಿರುವುದು, ದಿನದ ಕೆಲಸಗಳೆಲ್ಲ ಅದರ ಸುತ್ತಲೇ ತಿರುಗುವುದು ಚಟದ ಲಕ್ಷಣಗಳು. ಮಾಸ್ತರರಲ್ಲಿ ಇವು ಯಾವುವೂ ಇರಲಿಲ್ಲ.

ಆದರೆ ಅವರ ಪತ್ರದ ಮೂರನೆಯ ಪುಟದಲ್ಲಿ, ಅವರೇ ಅಷ್ಟಾಗಿ ಗಮನಿಸದೆ ಬರೆದ ಒಂದು ಸಾಲಿತ್ತು. ಒಂಬತ್ತನೆಯ ರಾತ್ರಿ ಮೂತ್ರವಿಸರ್ಜನೆಗೆ ಎದ್ದಾಗ ತಲೆ ತಿರುಗಿ ಸ್ನಾನಗೃಹದ ಗೋಡೆಗೆ ಆನಿಕೊಂಡರಂತೆ. ನಾನು ಹೆಚ್ಚು ಚಿಂತಿಸಿದ್ದು ಈ ಸಾಲಿಗೆ. ಟಿಎಚ್‌ಸಿಯಿಂದ ಮಲಗಿ ಎದ್ದಾಗ ರಕ್ತದೊತ್ತಡ ಇಳಿಯಬಹುದು, ಎದೆಬಡಿತ ಏರಬಹುದು. ಮೈಲೋಮಾದಿಂದ ಮೂಳೆಗಳು ಮೊದಲೇ ದುರ್ಬಲವಾಗಿರುತ್ತವೆ. ಅಂಗಾಲಿನ ಸ್ಪರ್ಶಜ್ಞಾನ ಕುಂದಿದೆ. ಜೊತೆಗೆ ಅವರು ರಾತ್ರಿ ಗ್ಯಾಬಾಪೆಂಟಿನ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಎರಡೂ ಸೇರಿದರೆ ಮಂಪರು ಹೆಚ್ಚು. ಇಂಥವರಿಗೆ ಒಂದು ಬೀಳುವಿಕೆಯೆಂದರೆ ಸೊಂಟದ ಮೂಳೆ ಮುರಿತ, ಹಾಸಿಗೆ, ನ್ಯುಮೋನಿಯಾ. ಪಟ್ಟಿಯಲ್ಲಿ ಹೆಸರಿರುವುದಕ್ಕಿಂತ ಇದು ಮೊದಲು ಯೋಚಿಸಬೇಕಾದ ಅಪಾಯ.

ಇದರಿಂದ ಲಾಭವೆಷ್ಟು ಎಂಬುದನ್ನೂ ತೂಗಿ ನೋಡಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಪ್ರಕಟಿಸಿದ ವಿಸ್ತೃತ ವರದಿಯು ವಯಸ್ಕರ ದೀರ್ಘಕಾಲದ ನೋವಿನಲ್ಲಿ ಗಾಂಜಾದಿಂದ ಪ್ರಯೋಜನವಿದೆ ಎಂಬುದಕ್ಕೆ ಗಣನೀಯ ಸಾಕ್ಷ್ಯವಿದೆಯೆಂದು ಹೇಳಿತು. ಕಿಮೊಥೆರಪಿಯ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಸ್ನಾಯು ಬಿಗಿತ, ಇವುಗಳ ವಿಷಯದಲ್ಲಿಯೂ ಅದರ ಅಭಿಪ್ರಾಯ ಅನುಕೂಲಕರವಾಗಿತ್ತು. ಮರುವರ್ಷವೇ, 2018ರಲ್ಲಿ, ನರಸಂಬಂಧಿ ನೋವಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆಯು ಲಾಭಕ್ಕಿಂತ ಹಾನಿಯೇ ಮಿಗಿಲಾಗಬಹುದೆಂದು ಎಚ್ಚರಿಸಿತು. 2019ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ದೀರ್ಘಕಾಲದ ನೋವಿಗೆ ಟಿಎಚ್‌ಸಿ ಕೊಡಬೇಡಿರೆಂದಿತು. 2021ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು ನೋವಿಗಾಗಿ ಇದರ ಸಾಮಾನ್ಯ ಬಳಕೆಯನ್ನು ಅನುಮೋದಿಸಲು ಸಾಧ್ಯವಿಲ್ಲವೆಂದು ಪ್ರಕಟಿಸಿತು. ತಜ್ಞರಲ್ಲೇ ಒಮ್ಮತವಿಲ್ಲ. ಕೆಲವರಿಗೆ ನಿಜವಾಗಿ ಆರಾಮ ದೊರೆಯುತ್ತದೆ. ಸರಾಸರಿ ಲಾಭ ಮಾತ್ರ ಸಾಧಾರಣವಾದದ್ದು. "ಗಾಂಜಾ ಎಣ್ಣೆಯಿಂದ ಕ್ಯಾನ್ಸರೇ ವಾಸಿಯಾಗುತ್ತದೆ" ಎಂಬ ಸಂದೇಶಗಳು ನಮ್ಮ ಮೊಬೈಲುಗಳಲ್ಲಿ ಓಡಾಡುತ್ತಿರುತ್ತವಲ್ಲ, ಅದಕ್ಕೆ ಮನುಷ್ಯರ ಮೇಲಿನ ಅಧ್ಯಯನಗಳ ಆಧಾರವಿಲ್ಲ. ಆ ಸಂದೇಶ ನಂಬಿ ಕಿಮೊಥೆರಪಿ ನಿಲ್ಲಿಸಿ ಬಂದವರನ್ನು ಕಂಡಿದ್ದೇನೆ. ಆಗ ನಮ್ಮ ಕೈಯಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಇನ್ನು ನೋಂದಣಿಯ ವಿಷಯ. ಇದನ್ನು ಅರಿಯಲು ಅಮೆರಿಕದ ಕಾನೂನಿನ ಒಂದು ವಿಚಿತ್ರ ಸ್ಥಿತಿಯನ್ನು ತಿಳಿದಿರಬೇಕು. ಅಲ್ಲಿ ಒಂದೇ ವಸ್ತುವಿನ ಬಗ್ಗೆ ಎರಡು ಸರ್ಕಾರಗಳು ಎರಡು ಮಾತು ಹೇಳುತ್ತವೆ. ಫೆಡರಲ್ ಸರ್ಕಾರ, ಎಂದರೆ ಅಲ್ಲಿಯ ಕೇಂದ್ರ ಸರ್ಕಾರ, 1970ರ ನಿಯಂತ್ರಿತ ವಸ್ತುಗಳ ಕಾಯ್ದೆಯಲ್ಲಿ ಗಾಂಜಾವನ್ನು ಹೆರಾಯಿನ್ ಇರುವ ಮೊದಲನೆಯ ಪಟ್ಟಿಗೇ ಸೇರಿಸಿತು. ಆ ಪಟ್ಟಿಯ ಅರ್ಥ: ಒಪ್ಪಿತವಾದ ವೈದ್ಯಕೀಯ ಉಪಯೋಗವಿಲ್ಲ, ದುರುಪಯೋಗದ ಸಂಭವ ಹೆಚ್ಚು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಜನಮತಗಣನೆಯ ಮೂಲಕ ಔಷಧಿಯಾಗಿ ಗಾಂಜಾ ಬಳಸಲು ಅನುಮತಿ ಕೊಟ್ಟರು. ಅದರ ಹಿಂದೆ ಒಂದೊಂದಾಗಿ ಇತರ ರಾಜ್ಯಗಳೂ ನಡೆದವು. ಇಂದು 35ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ವ್ಯವಸ್ಥೆ ಇದೆ. ನ್ಯೂಜೆರ್ಸಿಯ ಕಾನೂನು ಬಂದದ್ದು 2010ರಲ್ಲಿ. ರಾಜ್ಯಗಳು ಅನುಮತಿಸಿದರೂ ಕೇಂದ್ರದ ನಿಷೇಧ ಅನ್ವಯಿಸುತ್ತದೆಯೆಂದು 2005ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ಪ್ರಕರಣದಲ್ಲಿ ನ್ಯಾಯ ಕೇಳಿದವರೂ ಕ್ಯಾಲಿಫೋರ್ನಿಯಾದ ರೋಗಿಗಳೇ ಆಗಿದ್ದರು.

ಈ ಕಾರಣಕ್ಕೇ ಅಲ್ಲಿಯ ವೈದ್ಯರು ಗಾಂಜಾವನ್ನು ಇತರ ಔಷಧಿಗಳಂತೆ ಚೀಟಿಯಲ್ಲಿ ಬರೆದುಕೊಡುವುದಿಲ್ಲ. "ಈ ರೋಗಿಗೆ ಇಂಥ ಕಾಯಿಲೆ ಇದೆ, ಇದರಿಂದ ಪ್ರಯೋಜನವಾಗಬಹುದು" ಎಂದು ಪ್ರಮಾಣೀಕರಿಸುತ್ತಾರೆ, ಅಷ್ಟೆ. ಯಾವ ಬಗೆ, ಎಷ್ಟು ಹನಿ, ಯಾವ ಹೊತ್ತು ಎಂಬುದನ್ನು ಅನೇಕ ಕಡೆ ಮಾರಾಟ ಮಳಿಗೆಯ ನೌಕರನೇ ಹೇಳುತ್ತಾನೆ. ಮಾಸ್ತರರಿಗೂ ಆದದ್ದು ಅದೇ. ಕೌಂಟರಿನಲ್ಲಿದ್ದ ಯುವಕ ವಿನಯದಿಂದಲೇ ಮಾತನಾಡಿಸಿದನಂತೆ. ಆದರೆ ಗ್ಯಾಬಾಪೆಂಟಿನ್ ಬಗ್ಗೆ ಕೇಳಲಿಲ್ಲ, ಮೂಳೆಯ ಬಗ್ಗೆ ಕೇಳಲಿಲ್ಲ. ಕನೆಕ್ಟಿಕಟ್, ಮಿನ್ನೆಸೋಟಗಳಂಥ ರಾಜ್ಯಗಳು ಈ ವ್ಯವಸ್ಥೆಯಲ್ಲಿ ತರಬೇತಾದ ಫಾರ್ಮಸಿಸ್ಟರಿಗೆ ಸ್ಥಾನ ಕೊಟ್ಟಿರುವುದು ವಿವೇಕದ ಕ್ರಮವೆಂದು ನನ್ನ ಅಭಿಪ್ರಾಯ. ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್ ಇದರ ವೆಚ್ಚ ಭರಿಸುವುದಿಲ್ಲ ಎಂಬುದೂ ಗಮನದಲ್ಲಿರಲಿ. ಮಗನ ಜೇಬಿನಿಂದಲೇ ಹೋಗುವ ಹಣವದು.

ರೋಗಿಯನ್ನು ಕೇಂದ್ರದ ಪೊಲೀಸರು ಹಿಡಿದೊಯ್ಯುತ್ತಾರೆಯೇ? ಕಾರ್ಯತಃ ಇಲ್ಲ. ರಾಜ್ಯಗಳ ವೈದ್ಯಕೀಯ ಗಾಂಜಾ ಕಾನೂನುಗಳ ಜಾರಿಗೆ ಅಡ್ಡಿಪಡಿಸಲು ನ್ಯಾಯ ಇಲಾಖೆಯು ಹಣ ಖರ್ಚು ಮಾಡಕೂಡದೆಂಬ ಷರತ್ತನ್ನು ಅಲ್ಲಿಯ ಸಂಸತ್ತು 2014ರಿಂದ ಆಯವ್ಯಯದಲ್ಲಿ ಸೇರಿಸುತ್ತ ಬಂದಿತು. ರಾಜ್ಯದ ರೋಗಿಪಟ್ಟಿಯೂ ಗೌಪ್ಯವಾದದ್ದು. ಅಲ್ಲಿಯೇ ಹುಟ್ಟಿದ ಪ್ರಜೆಯೊಬ್ಬನಿಗೆ ಇಷ್ಟು ಭದ್ರತೆ ಬಹುಮಟ್ಟಿಗೆ ಸಾಕು. ಅವನ ಚಿಂತೆಗಳು ಬೇರೆ ಬಗೆಯವು: ಲಾರಿ, ಬಸ್ಸು ಓಡಿಸುವವನಾದರೆ ಸಾರಿಗೆ ಇಲಾಖೆಯ ಕಡ್ಡಾಯ ಮೂತ್ರಪರೀಕ್ಷೆಯಲ್ಲಿ ಕಾರ್ಡು ರಕ್ಷಣೆ ಕೊಡುವುದಿಲ್ಲ, ಕೇಂದ್ರ ಸರ್ಕಾರದ ನೌಕರನಾದರೆ ಉದ್ಯೋಗಕ್ಕೆ ಸಂಚಕಾರ, ಕೇಂದ್ರದ ಸಹಾಯಧನದ ವಸತಿಯಲ್ಲಿದ್ದರೆ ಮನೆಗೇ ಕುತ್ತು ಬರಬಹುದು. ನಿಯಮಿತವಾಗಿ ಸೇವಿಸುವವರ ಮೂತ್ರದಲ್ಲಿ ಟಿಎಚ್‌ಸಿಯ ಕುರುಹು ವಾರಗಟ್ಟಲೆ ಉಳಿಯುತ್ತದೆ.

ವಲಸೆ ಹೋದವರ ಸ್ಥಿತಿ ಇದಕ್ಕಿಂತ ಸೂಕ್ಷ್ಮ. ನಮ್ಮ ಮನೆಗಳಲ್ಲಿ ತಿಳಿಯದೆ ಉಳಿದಿರುವುದು ಇದೇ. ವಲಸೆಯ ಕಾನೂನು ಪೂರ್ತಿಯಾಗಿ ಕೇಂದ್ರದ ಕಾನೂನು. ಆಯವ್ಯಯದ ಷರತ್ತು ಅನ್ವಯಿಸುವುದು ನ್ಯಾಯ ಇಲಾಖೆಗೆ. ಪೌರತ್ವದ ಅರ್ಜಿ ನೋಡುವ ಕಚೇರಿ ಬೇರೊಂದು ಇಲಾಖೆಯದು. ಆ ಕಚೇರಿ 2019ರ ಏಪ್ರಿಲ್ ತಿಂಗಳಲ್ಲಿ ತನ್ನ ಅಧಿಕಾರಿಗಳಿಗೆ ಸ್ಪಷ್ಟವಾದ ಸೂಚನೆ ನೀಡಿತು: ಕೇಂದ್ರದ ಕಾನೂನನ್ನು ಮೀರಿದ ಗಾಂಜಾ ಸಂಬಂಧಿ ನಡೆ, ರಾಜ್ಯದ ಕಾನೂನಿನಲ್ಲಿ ಅದು ಸಮ್ಮತವಾಗಿದ್ದರೂ, ಪೌರತ್ವಕ್ಕೆ ಬೇಕಾದ "ಉತ್ತಮ ನೈತಿಕ ನಡತೆ"ಯನ್ನು ಸಾಬೀತುಪಡಿಸಲು ಅಡ್ಡಿಯಾಗಬಹುದು. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಡತೆಯ ಪರಿಶೀಲನಾವಧಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಐದು ವರ್ಷ; ಅಮೆರಿಕದ ಪ್ರಜೆಯ ಪತಿ ಅಥವಾ ಪತ್ನಿಯಾಗಿ ಅರ್ಜಿ ಹಾಕುವವರಿಗೆ ಮೂರು ವರ್ಷ. ಶಿಕ್ಷೆಯಾಗಿರಲೇಬೇಕೆಂದಿಲ್ಲ. ಅಧಿಕಾರಿಯ ಎದುರು ತಾನೇ ಒಪ್ಪಿಕೊಂಡರೂ ಸಾಕು. ವಿದೇಶದಿಂದ ಮರಳುವಾಗ ವಿಮಾನ ನಿಲ್ದಾಣದಲ್ಲಿ ಕೇಳುವ ಪ್ರಶ್ನೆಗೆ ಕೊಟ್ಟ ಉತ್ತರವೂ ತೊಡಕು ತರಬಲ್ಲದು. ಹೀಗೆಂದು ಸುಳ್ಳು ಹೇಳುವಂತೆಯೂ ಇಲ್ಲ. ಪ್ರಮಾಣ ಮಾಡಿ ಸುಳ್ಳಾಡುವುದು ಸ್ವತಂತ್ರವಾದ, ಇನ್ನೂ ದೊಡ್ಡ ತೊಡಕು.

ಗಾಂಜಾವನ್ನು ಮೊದಲನೆಯ ಪಟ್ಟಿಯಿಂದ ಮೂರನೆಯ ಪಟ್ಟಿಗೆ ಇಳಿಸಬೇಕೆಂದು 2024ರ ಮೇ ತಿಂಗಳಲ್ಲಿ ಅಲ್ಲಿಯ ನ್ಯಾಯ ಇಲಾಖೆ ಕರಡು ನಿಯಮ ಹೊರಡಿಸಿತು. ಅದನ್ನು ಓದಿದ ಮಗ, "ಅಪ್ಪಾ, ಇನ್ನೇನು ಎಲ್ಲ ಸರಿಹೋಗುತ್ತದೆ" ಎಂದಿದ್ದನಂತೆ. ಪಟ್ಟಿ ಬದಲಾದರೂ ಮೂರನೆಯ ಪಟ್ಟಿಯ ವಸ್ತು ನಿಯಂತ್ರಿತ ವಸ್ತುವಾಗಿಯೇ ಉಳಿಯುತ್ತದೆ. ಮಳಿಗೆಯಿಂದ ಕಾರ್ಡು ತೋರಿಸಿ ತಂದದ್ದು ವೈದ್ಯರ ಚೀಟಿಯ ಮೇಲೆ ತಂದದ್ದಕ್ಕೆ ಸಮನಾಗದು. ಪತ್ರಿಕೆಯ ಶೀರ್ಷಿಕೆ ನೋಡಿ ಧೈರ್ಯ ತಾಳುವ ವಿಷಯ ಇದಲ್ಲ.

ಕಾರ್ಡು ಮಾಡಿಸದೆ ಕೊಂಡರೆ ತೊಂದರೆ ತಪ್ಪುತ್ತದೆಯೇ ಎಂದು ಮಾಸ್ತರರು ಕೇಳಿದ್ದರು. ಗಣಿತದವರ ಪ್ರಶ್ನೆ! ನ್ಯೂಜೆರ್ಸಿಯಲ್ಲಿ 2022ರ ಏಪ್ರಿಲ್‌ನಿಂದ 21 ವರ್ಷ ತುಂಬಿದ ಯಾರೇ ಆಗಲಿ ಕಾರ್ಡಿಲ್ಲದೆಯೂ ಪರವಾನಗಿ ಪಡೆದ ಮಳಿಗೆಯಲ್ಲಿ ಕೊಳ್ಳಬಹುದು. ಆದ್ದರಿಂದ ರೋಗಿಯಾಗಿ ಹೆಸರು ಬರೆಸುವುದರಿಂದ ಬರುವ ಲಾಭ ಮಾರಾಟ ತೆರಿಗೆಯ ವಿನಾಯಿತಿಯಂಥ ಸೌಕರ್ಯಗಳಿಗೆ ಇಳಿದಿದೆ. ಆದರೆ ಕೇಂದ್ರದ ಕಣ್ಣಿನಲ್ಲಿ ತೊಡಕು ಹುಟ್ಟುವುದು ಕಾರ್ಡಿನಿಂದ ಅಲ್ಲ, ವಸ್ತುವನ್ನು ಹೊಂದಿರುವುದರಿಂದ. ಕಾರ್ಡು ಅದಕ್ಕೊಂದು ದಾಖಲೆ ಮಾತ್ರ. ಕಾರ್ಡು ಹರಿದು ಹಾಕಿದರೆ ಹನ್ನೊಂದು ರಾತ್ರಿಗಳು ಅಳಿಸಿಹೋಗುವುದಿಲ್ಲವೆಂದು ಅವರಿಗೆ ಬರೆಯುವಾಗ ನನಗೆ ಕಷ್ಟವಾಯಿತು. ಆದರೂ ಬರೆದೆ. ಪೌರತ್ವದ ಅರ್ಜಿ ತುಂಬುವ ಮೊದಲೇ, ಏಜೆಂಟರ ಬಳಿಗಲ್ಲ, ವಲಸೆ ಕಾನೂನಿನಲ್ಲಿ ಪಳಗಿದ ವಕೀಲರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿ ಎಂದು ಸೂಚಿಸಿದೆ. ಅರ್ಜಿಯನ್ನು ಯಾವಾಗ ಹಾಕಬೇಕೆಂಬುದನ್ನು ಅವರೇ ಹೇಳಬಲ್ಲರು. ಗ್ರೀನ್ ಕಾರ್ಡ್ ಇದ್ದೇ ಇರುವುದರಿಂದ ಮಗನೊಂದಿಗೆ ಇರಲು ಪೌರತ್ವವೇ ಬೇಕೆಂದೇನೂ ಇಲ್ಲ; ಅವಸರವಿಲ್ಲ.

ಸೊಸೆಯ ವಿಷಯದಲ್ಲಿ ಮಾತ್ರ ನಾನು ತಡಮಾಡಲಿಲ್ಲ. ಪತ್ರ ಓದಿದ ಸಂಜೆಯೇ ಫೋನು ಮಾಡಿದೆ. ಆಕೆ ಕೆಲಸದ ವೀಸಾದ ಮೇಲಿದ್ದಾಳೆ, ಗ್ರೀನ್ ಕಾರ್ಡಿನ ಅರ್ಜಿ ಸರದಿಯಲ್ಲಿದೆ. ಆರೈಕೆದಾರಳಾಗಿ ಹೆಸರು ಬರೆಸಿದರೆ ಮಾವನವರಿಗಾಗಿ ಮಳಿಗೆಯಿಂದ ಕೊಂಡು ತರುವವಳು, ಕೈಯಾರೆ ಕೊಡುವವಳು ಅವಳೇ ಆಗುತ್ತಾಳೆ. ರಾಜ್ಯದ ದೃಷ್ಟಿಯಲ್ಲಿ ಅದು ಸೇವೆ. ಕೇಂದ್ರದ ಕಾನೂನಿನ ಅಕ್ಷರದಲ್ಲಿ ನಿಯಂತ್ರಿತ ವಸ್ತುವನ್ನು ಇನ್ನೊಬ್ಬರಿಗೆ ಒದಗಿಸುವುದು ಬಳಸುವುದಕ್ಕಿಂತ ಗಂಭೀರವಾದ ಅಪರಾಧ. ರೋಗಿಗೆ ಎಪ್ಪತ್ತೆರಡು ವರ್ಷ. ಆಕೆಗೆ ಮೂವತ್ತೈದು, ಮುಂದೆ ಇಡೀ ಬದುಕಿದೆ. ಈ ತೂಕವನ್ನು ಯಾರೂ ಹಾಕಿ ನೋಡಿರಲಿಲ್ಲ. ಅರ್ಜಿ ಇನ್ನೂ ಕಳಿಸಿರಲಿಲ್ಲವೆಂಬುದು ಪುಣ್ಯ. ಇಂಥ ಮನೆಗಳಲ್ಲಿ ಆರೈಕೆದಾರರಾಗಿ ಯಾರಾದರೂ ಹೆಸರು ಬರೆಸಲೇಬೇಕಾದರೆ ಅದು ಅಲ್ಲಿಯ ಪ್ರಜೆಯಾದವರ ಹೆಸರಾಗಿರಲಿ, ಅದೂ ಅವರ ಉದ್ಯೋಗದ ನಿಯಮಗಳನ್ನು ನೋಡಿಕೊಂಡು.

ಊರಿಗೆ ತರುವ ಪ್ರಶ್ನೆಗೆ ಉತ್ತರ ಚಿಕ್ಕದು: ತರಲೇಬಾರದು. ರಾಜ್ಯದ ಕಾರ್ಡು ದೇಶದ ಗಡಿಯಲ್ಲಿ ಬರಿಯ ಪ್ಲಾಸ್ಟಿಕ್ ತುಂಡು. ನಮ್ಮ ಕೆಂಪೇಗೌಡ ನಿಲ್ದಾಣದಲ್ಲಿ ಅದು 1985ರ ಮಾದಕ ದ್ರವ್ಯ ಕಾಯ್ದೆಯಡಿ ಆಮದು ಅಪರಾಧವಾಗುತ್ತದೆ. ನಡುವೆ ವಿಮಾನ ಬದಲಿಸುವ ಕೊಲ್ಲಿ ರಾಷ್ಟ್ರಗಳ ಕಾನೂನುಗಳೂ ಕಠಿಣ. ಭಾರತದ ಕಾಯ್ದೆಯು ಗಾಂಜಾ ಎಂದರೆ ಗಿಡದ ಹೂ ಹಾಗೂ ಕಾಯಿ ಬಿಟ್ಟ ತುದಿಗಳೆಂದು ಹೇಳಿ, ತುದಿಯೊಂದಿಗೆ ಸೇರಿರದ ಎಲೆ ಮತ್ತು ಬೀಜಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಭಂಗಿ ಸೊಪ್ಪಿನಿಂದ ತಯಾರಿಸಿದ, ಪರವಾನಗಿ ಪಡೆದ ಆಯುರ್ವೇದ ಔಷಧಿಗಳು ಇಲ್ಲಿ ದೊರೆಯುವುದು ಈ ಎಡೆಯಿಂದ. ಆಯುರ್ವೇದದಲ್ಲಿ ಇದರ ಹೆಸರು ವಿಜಯಾ. ಉಪವಿಷಗಳ ಗುಂಪಿಗೆ ಸೇರಿಸಿ, ಶೋಧನೆ ಮಾಡಿಯೇ ಬಳಸಬೇಕೆಂದು ಹಿಂದಿನವರು ವಿಧಿಸಿದ್ದಾರೆ. ಅಮೆರಿಕದಂತೆ ರೋಗಿಗಳನ್ನು ನೋಂದಾಯಿಸುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲಿಯ ಕ್ಯಾನ್ಸರ್ ರೋಗಿಯ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆಯೇ ಇಂದಿಗೂ ಮೊದಲ ಆಸರೆ. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ಮಾರ್ಫಿನ್ ಬೇಡವೆಂದು ಹಟ ಹಿಡಿದು, ಎಲ್ಲಿಂದಲೋ ತರಿಸಿದ ಗಾಂಜಾ ಎಣ್ಣೆಗೆ ಸಾವಿರಾರು ರೂಪಾಯಿ ಸುರಿಯುವ ಬಂಧುಗಳನ್ನು ನೋಡಿದಾಗ ನಮ್ಮ ತಿಳಿವಳಿಕೆ ಎಲ್ಲಿ ದಾರಿ ತಪ್ಪಿತೆಂದು ವ್ಯಥೆಯಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ನೋವನ್ನು ನುಂಗಿಕೊಂಡಿರಿ ಎಂದು ಹೇಳುವುದಕ್ಕಾಗಿ ಅಲ್ಲ. ಮಾಸ್ತರರ ಹಳೆಯ ಔಷಧಿಪಟ್ಟಿಯನ್ನು ತರಿಸಿ ನೋಡಿದೆ. ಕಿಮೊಥೆರಪಿಯಿಂದಾದ ನರನೋವಿಗೆ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು ತನ್ನ 2014ರ ಹಾಗೂ 2020ರ ಮಾರ್ಗಸೂಚಿಗಳಲ್ಲಿ ಶಿಫಾರಸು ಮಾಡಿರುವುದು ಡ್ಯುಲಾಕ್ಸೆಟಿನ್ ಎಂಬ ಒಂದೇ ಔಷಧಿಯನ್ನು. ಇವರಿಗೆ ಅದನ್ನು ಕೊಟ್ಟಿದ್ದರು. ನಾಲ್ಕನೆಯ ದಿನ ಹೊಟ್ಟೆ ತೊಳಸಿತೆಂದು ಇವರೇ ನಿಲ್ಲಿಸಿದ್ದರು, ವೈದ್ಯರಿಗೆ ತಿಳಿಸಿರಲಿಲ್ಲ. ಆ ವಾಕರಿಕೆ ಸಾಮಾನ್ಯವಾದದ್ದು. ಊಟದ ನಂತರ, 30 ಮಿಲಿಗ್ರಾಂನಿಂದ ಆರಂಭಿಸಿ ಒಂದು ವಾರ ಕಳೆದ ಮೇಲೆ 60ಕ್ಕೆ ಏರಿಸಿದರೆ ಬಹುಜನರಲ್ಲಿ ಅದು ತಗ್ಗುತ್ತದೆ. ನೋವು ಇಳಿಯಲು ಕೆಲವು ವಾರ ಕಾಯಬೇಕು. ಅದನ್ನು ಮತ್ತೊಮ್ಮೆ ಸರಿಯಾಗಿ ಪ್ರಯತ್ನಿಸಬಹುದೇ ಎಂದು ಅಲ್ಲಿಯ ವೈದ್ಯರನ್ನೇ ಕೇಳಲು ಹೇಳಿದೆ. ಇತರರಿಗೂ ಒಂದು ಮಾತು: ತೊಂದರೆ ಕಿಮೊಥೆರಪಿಯ ವಾಂತಿಯಾಗಿದ್ದರೆ ಡ್ರೊನಬಿನಾಲ್ ಎಂಬ ಗುಳಿಗೆ ಇದೆ. ಅದು ಪ್ರಯೋಗಾಲಯದಲ್ಲಿ ತಯಾರಿಸಿದ ಟಿಎಚ್‌ಸಿಯೇ. 1985ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದದ್ದು. ವೈದ್ಯರ ಚೀಟಿಯ ಮೇಲೆ ಸಾಮಾನ್ಯ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ರಾಜ್ಯದ ನೋಂದಣಿ ಬೇಕಿಲ್ಲ, ಕೇಂದ್ರದ ಕಾನೂನಿಗೂ ಅದು ಸಮ್ಮತ. ಈ ದಾರಿಯಿರುವುದನ್ನು ರೋಗಿಗಳು ಕೇಳುವುದೇ ಇಲ್ಲ.

ಎಲ್ಲವನ್ನೂ ತೂಗಿದ ಮೇಲೂ ಗಾಂಜಾವನ್ನೇ ಪ್ರಯತ್ನಿಸಲು ನಿರ್ಧರಿಸುವವರು ಇರುತ್ತಾರೆ. ಪ್ರಜೆಗಳಾದವರು, ಬೇರೆ ಔಷಧಿಗಳಿಂದ ಫಲ ಕಾಣದವರು, ಬಾಳಿನ ಕೊನೆಯ ತಿಂಗಳುಗಳಲ್ಲಿರುವವರು. ಅವರನ್ನು ದೂಷಿಸಲು ನನಗೆ ಯಾವ ಕಾರಣವೂ ಕಾಣದು. ಅವರು ಹೊಗೆಯ ರೂಪವನ್ನು ಬಿಡಲಿ. ಹನಿ ಅಥವಾ ಗುಳಿಗೆಯಾದರೆ ಟಿಎಚ್‌ಸಿ 2.5 ಮಿಲಿಗ್ರಾಂ ಇಲ್ಲವೇ ಅದಕ್ಕೂ ಕಡಿಮೆಯಿಂದ, ರಾತ್ರಿ ಮಲಗುವ ಹೊತ್ತಿಗೆ ಆರಂಭಿಸಲಿ. ತಿನ್ನುವ ರೂಪದಲ್ಲಿ ಪರಿಣಾಮ ಕಾಣಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಹಿಡಿಯುತ್ತದೆ. "ಏನೂ ಆಗಲಿಲ್ಲ" ಎಂದು ಮತ್ತೊಂದು ತುಂಡು ತಿಂದು ಆಸ್ಪತ್ರೆ ಸೇರುವವರೇ ಹೆಚ್ಚು. ಆ ಮಿಠಾಯಿಗಳನ್ನು ಮೊಮ್ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಬೇಕು; ನೋಡಲು ಅವು ಚಾಕೊಲೇಟಿನಂತೆಯೇ ಇರುತ್ತವೆ. ವಾರ್ಫರಿನ್ ಸೇವಿಸುವವರ ರಕ್ತ ತೆಳುವಾಗುವ ಪ್ರಮಾಣ ಸಿಬಿಡಿಯಿಂದ ಏರಬಹುದು, ರಕ್ತಪರೀಕ್ಷೆ ಬೇಗ ಮಾಡಿಸಬೇಕು. ಮನೆಯಲ್ಲಿ ಯಾರಿಗಾದರೂ ಚಿತ್ತವಿಕಲತೆಯ ಇತಿಹಾಸವಿದ್ದರೆ, ಗರ್ಭಿಣಿಯಾಗಿದ್ದರೆ, ಇದರ ಹತ್ತಿರ ಸುಳಿಯಬಾರದು. ಸೇವಿಸಿದ ಮೇಲೆ ವಾಹನ ಓಡಿಸುವಂತಿಲ್ಲ.

ವೈದ್ಯರಿಂದ ಮುಚ್ಚಿಡುವುದೂ ಸಲ್ಲದು. ನಾನು ಅರಿವಳಿಕೆ ತಜ್ಞ. ಇದನ್ನು ನನ್ನ ವೃತ್ತಿಯ ಅನುಭವದಿಂದ ಹೇಳುತ್ತೇನೆ. ಹೆಚ್ಚಾಗಿ ಗಾಂಜಾ ಬಳಸುವವರಿಗೆ ಅರಿವಳಿಕೆಯ ಔಷಧಿ ಹೆಚ್ಚು ಬೇಕಾಗಬಹುದು, ಹೃದಯದ ಬಡಿತದಲ್ಲಿ ಏರುಪೇರು ಕಾಣಬಹುದು. ಅರಿವಳಿಕೆಗೆ ಒಳಗಾಗುವ ಪ್ರತಿಯೊಬ್ಬರನ್ನೂ ಮೊದಲೇ ಈ ಬಗ್ಗೆ ಕೇಳಬೇಕೆಂದು ಅಮೆರಿಕದ ನಮ್ಮ ಸಹೋದ್ಯೋಗಿಗಳ ಸಂಘವೊಂದು 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಊರಿಗೆ ಬಂದಾಗ ಇಲ್ಲಿಯೇ ಕಣ್ಣಿನ ಪೊರೆಯೋ ಮೊಣಕಾಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಹಿರಿಯರು ಬಹಳ. ಇಲ್ಲಿಯ ವೈದ್ಯ ಕೇಳದಿದ್ದರೂ ನೀವಾಗಿಯೇ ಹೇಳಿ. ರೋಗಿ ಹೇಳಿದ್ದನ್ನು ಊರಿಗೆ ಸಾರುವ ಹಕ್ಕು ನಮಗಿಲ್ಲ.

ಮಾಸ್ತರರು ಕಳೆದ ತಿಂಗಳು ಮತ್ತೆ ಬರೆದಿದ್ದಾರೆ. ಡ್ಯುಲಾಕ್ಸೆಟಿನ್ ಎರಡನೆಯ ಬಾರಿ ಒಗ್ಗಿದೆ. ಉರಿ ಹೋಗಿಲ್ಲ, ಹತ್ತಕ್ಕೆ ಎಂಟಿದ್ದದ್ದು ಐದಕ್ಕೆ ಬಂದಿದೆಯೆಂದು ಲೆಕ್ಕ ಕೊಟ್ಟಿದ್ದಾರೆ. ನಾಲ್ಕೈದು ಗಂಟೆ ನಿದ್ರೆ ಬರುತ್ತದೆ. ಸ್ನಾನಗೃಹದ ಗೋಡೆಗೆ ಮಗ ಹಿಡಿಕೆ ಹಾಕಿಸಿದ್ದಾನೆ. ವಕೀಲರನ್ನು ಕಂಡು ಬಂದಿದ್ದಾರೆ. ಪೌರತ್ವದ ಅರ್ಜಿಯನ್ನು ಸದ್ಯಕ್ಕೆ ಮುಂದೂಡಿದ್ದಾರೆ. ಕಾರ್ಡನ್ನು ನವೀಕರಿಸುವುದಿಲ್ಲವೆಂದೂ, ಅವಧಿ ಮುಗಿಯುವವರೆಗೆ ಅದು ಕಪಾಟಿನಲ್ಲಿಯೇ ಇರುತ್ತದೆಯೆಂದೂ ಬರೆದು, ಕೆಳಗೆ ಒಂದು ಪ್ರಶ್ನೆ ಸೇರಿಸಿದ್ದಾರೆ: ನೋವು ಮತ್ತೆ ಎಂಟಕ್ಕೆ ಏರಿದರೆ ಆಗೇನು ಮಾಡಲಿ? ಆಗ ಗ್ಯಾಬಾಪೆಂಟಿನ್ ಪ್ರಮಾಣವನ್ನೂ, ಲಿಡೊಕೇಯ್ನ್ ಪಟ್ಟಿಯನ್ನೂ, ಅಗತ್ಯವಾದರೆ ಸೀಸೆಯನ್ನೂ ಅಲ್ಲಿಯ ವೈದ್ಯರ ಮುಂದೆ ಮತ್ತೊಮ್ಮೆ ಇಟ್ಟು ನೋಡೋಣವೆಂದು ಉತ್ತರಿಸಿದ್ದೇನೆ.